ಮ್ಯುಟೇಶನ್: ಒಂದು ಹೆಸರು ಬದಲಾಗೋದು ಅಷ್ಟು ಕಷ್ಟವಾ?

'ಮ್ಯುಟೇಬಲ್' ಅನ್ನೋ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು?

ನಮ್ಮಂಥ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರೋ ಪದ ಇದು. ಒಮ್ಮೆ ಹುಟ್ಟಿದ ಮೇಲೂ ಒಳಗಿನ ಬೆಲೆಯನ್ನು ಬದಲಾಯಿಸಬಹುದಾದರೆ ಅದು ಮ್ಯುಟೇಬಲ್, ಆಗದಿದ್ದರೆ ಇಮ್ಯುಟೇಬಲ್. ಪೈಥಾನಿನ ಲಿಸ್ಟ್ ಮ್ಯುಟೇಬಲ್, ಟ್ಯೂಪಲ್ ಅಲ್ಲ. ಜಾವಾದ ಸ್ಟ್ರಿಂಗ್ ಇಮ್ಯುಟೇಬಲ್. ಸಿ ಪ್ಲಸ್ ಪ್ಲಸ್‌ನಲ್ಲಂತೂ 'ಮ್ಯುಟೇಬಲ್' ಅನ್ನೋ ಹೆಸರಿನ ಕೀವರ್ಡೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರನ್ನು ಇಂಟರ್‌ವ್ಯೂನಲ್ಲಿ ಬೆವರಿಳಿಸೋಕೆ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ :-)

ಆದರೆ ನಮ್ಮ ಬೀದರ್ ಜಿಲ್ಲೆಯ ಕಡೆ, ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ, ಕಂಪ್ಯೂಟರ್ ಮುಟ್ಟದ ರೈತರೂ ಈ ಪದದ ಒಡಹುಟ್ಟಿದ ಪದವನ್ನು ಸಲೀಸಾಗಿ ಆಡುತ್ತಾರೆ. "ಮ್ಯುಟೇಶನ್ ಆಗ್ಯಾದೇನ್ರಿ?", "ಎಮ್ಮಾರ್ ನಂಬರ್ ಬಂತೇನು?" ಅಂತ. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಹೊಲದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಅದನ್ನು ಬರೆದಿಡುವ ವಹಿ. ಒಂದೇ ಪದ, ಎರಡು ಲೋಕ. ನನಗೆ ಎರಡೂ ಲೋಕದ ನಂಟು ಇರೋದರಿಂದ ಈ ಪದದ ಬೆನ್ನು ಹತ್ತಿ ಹೋದೆ. ಹೋದದ್ದು ಲ್ಯಾಟಿನ್ನಿಗೆ, ಬಂದು ನಿಂತದ್ದು ಬಸವಕಲ್ಯಾಣದಲ್ಲಿ. ಅದನ್ನೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಚಹಾ ಪಕ್ಕಕ್ಕೆ ಇಟ್ಟುಕೊಂಡು ಓದಿ.

ಮೊದಲು ಪದದ ವಿಚಾರ ಮುಗಿಸೋಣ. ಲ್ಯಾಟಿನ್ನಿನಲ್ಲಿ 'ಮೂತಾರೆ' ಅಂದರೆ ಬದಲಾಯಿಸು. ಅದರಿಂದ 'ಮೂತಾಬಿಲಿಸ್', ಅದರಿಂದ ಇಂಗ್ಲಿಷಿನ ಮ್ಯುಟೇಬಲ್. ಹದಿನಾಲ್ಕನೇ ಶತಮಾನದ ಕೊನೆ ಹೊತ್ತಿಗೆ ಮ್ಯುಟೇಬಲ್, ಮ್ಯುಟೇಶನ್ ಎರಡೂ ಇಂಗ್ಲಿಷಿಗೆ ಬಂದಿದ್ದವು. ಈ ಮನೆತನ ದೊಡ್ಡದು. ಪರ್ಮ್ಯುಟೇಶನ್ ಇದರದ್ದೇ. ಹಕ್ಕಿ ಹಳೇ ಗರಿ ಉದುರಿಸಿ ಹೊಸದು ಹೊದೆಯೋದಕ್ಕೆ ಇಂಗ್ಲಿಷಿನಲ್ಲಿ 'ಮೋಲ್ಟ್' ಅಂತಾರಲ್ಲ, ಅದೂ ಇದರದ್ದೇ. ಬೆಂಗಳೂರಿನಲ್ಲಿ ನಾವು ದಿನಾ ಎರಡು ಗಂಟೆ ಮಾಡೋ 'ಕಮ್ಯೂಟ್' ಕೂಡ ಇದರದ್ದೇ! ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ದಿನದಿನದ ಟಿಕೆಟ್ಟುಗಳ ಬದಲು ಒಟ್ಟಿಗೆ ಕಡಿಮೆ ದುಡ್ಡು ಕೊಟ್ಟು ತೆಗೆದುಕೊಳ್ಳೋ ರೈಲು ಪಾಸಿಗೆ 'ಕಮ್ಯುಟೇಶನ್ ಟಿಕೆಟ್' ಅಂತಿದ್ದರು. ಒಂದರ ಬದಲು ಇನ್ನೊಂದು. ಆ ಪಾಸು ಇಟ್ಟುಕೊಂಡವನು ಕಮ್ಯೂಟರ್ ಆದ.

ಆದರೆ ಮೊಬೈಲಿನಲ್ಲಿರೋ 'ಮ್ಯೂಟ್' ಇದರ ನೆಂಟ ಅಲ್ಲ. ಅದು ಮೂಕ ಅನ್ನೋ ಅರ್ಥದ 'ಮೂತುಸ್' ಅನ್ನೋ ಬೇರೆ ಪದದಿಂದ ಬಂದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೂ ಹಿಂದಕ್ಕೆ ಹೋದರೆ ಭಾಷಾಶಾಸ್ತ್ರಜ್ಞರು 'ಮೆಯ್' ಅನ್ನೋ ಒಂದು ಮೂಲ ಧಾತುವನ್ನು ತೋರಿಸುತ್ತಾರೆ. ಬದಲಾಗು, ಅದಲುಬದಲು ಮಾಡು ಅನ್ನೋ ಅರ್ಥದ್ದು. ಸಂಸ್ಕೃತದ 'ಮಯತೇ' ಅದೇ ಬಳಗ. ನಾವು ದಿನಾ ಬಳಸೋ 'ವಿನಿಮಯ' ಆ ಧಾತುವಿನಿಂದ ಬಂದದ್ದು. ಅಂದರೆ ಮ್ಯುಟೇಶನ್ನೂ ವಿನಿಮಯವೂ ದೂರದ ದಾಯಾದಿಗಳು.

ಇನ್ನು ಅಚ್ಚಗನ್ನಡಕ್ಕೆ ಬಂದರೆ ಮಜಾ ಇದೆ. ನಮ್ಮ 'ಮಾರು' ಅನ್ನೋ ಪದ ನೋಡಿ. ಈಗ ಅದಕ್ಕೆ ವಿಕ್ರಯ ಮಾಡು ಅನ್ನೋ ಅರ್ಥ ಮಾತ್ರ ಉಳಿದಂತೆ ಕಾಣುತ್ತೆ. ಆದರೆ ಮಾರ್ಪಾಟು, ಮಾರುವೇಷ, ಮಾರ್ದನಿ, ಮಾರುತ್ತರ ಇವೆಲ್ಲ ಸೇರಿಸಿ ನೋಡಿದರೆ, ಬದಲಾಗೋದು ಮತ್ತು ಒಂದಕ್ಕೆ ಪ್ರತಿಯಾಗಿ ಇನ್ನೊಂದು ಕೊಡೋದು, ಎರಡೂ ಅದರೊಳಗೆ ಇವೆ. ತಮಿಳಿನಲ್ಲಿ ಇವತ್ತಿಗೂ 'ಮಾರು' ಅಂದರೆ ಬದಲಾಗು ಅಂತಲೇ ಅರ್ಥ. ಲ್ಯಾಟಿನ್ನಿನ 'ಮೂ'ಗೂ ನಮ್ಮ 'ಮಾ'ಗೂ ಸಂಬಂಧ ಇಲ್ಲ, ನಮ್ಮದು ದ್ರಾವಿಡ ಪದ. ಆದರೆ ಎರಡೂ ಕಡೆಯ ಜನ ಒಂದೇ ಥರ ಯೋಚಿಸಿದ್ದಾರೆ. ಬದಲಾವಣೆ ಅಂದರೆ ಸುಮ್ಮನೆ ಆಗೋದಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋದು ಅಂತ. ಅಂದ ಹಾಗೆ, ನಾವು ಕನ್ನಡದ್ದೇ ಅಂದುಕೊಂಡಿರೋ 'ಬದಲು' ಅರಬ್ಬಿ ಪದ! ಬದಲಾವಣೆಯನ್ನು ಹೇಳೋ ಪದವೇ ವಲಸೆ ಬಂದದ್ದು.

ಹಾಗಾದರೆ ಹೊಲದ ಕಾಗದಕ್ಕೆ ಈ 'ಮ್ಯುಟೇಶನ್' ಹೇಗೆ ಅಂಟಿಕೊಂಡಿತು? ಯುರೋಪಿನಲ್ಲಿ ಆಸ್ತಿ ಕೈಬದಲಾಗೋದಕ್ಕೆ ಈ ಪದವನ್ನು ಹಿಂದಿನಿಂದಲೂ ಬಳಸುತ್ತಾರೆ. ಫ್ರಾನ್ಸಿನಲ್ಲಿ ಇವತ್ತಿಗೂ ಮನೆ ಕೊಂಡರೆ ಕಟ್ಟೋ ತೆರಿಗೆಯ ಹೆಸರಿನಲ್ಲಿ 'ಮ್ಯುಟೇಶನ್' ಇದೆ. ಇಂಗ್ಲಿಷರು ಇಲ್ಲಿನ ಕಂದಾಯ ವಹಿಗಳಿಗೆ ಅದನ್ನೇ ಹಚ್ಚಿದರು. ಜೀವವಿಜ್ಞಾನದ ಮ್ಯುಟೇಶನ್ ಬಹಳ ಈಚಿನದು. ಡಚ್ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ 1901ರಲ್ಲಿ ತನ್ನ ಮ್ಯುಟೇಶನ್ ಸಿದ್ಧಾಂತದ ಪುಸ್ತಕ ತಂದ ಮೇಲೆ ಆ ಅರ್ಥ ನಿಂತಿತು. 2020ರ ಕೊರೋನಾ ಹೊತ್ತಿಗೆ ನಮ್ಮ ಪತ್ರಿಕೆಗಳು ಅದಕ್ಕೆ 'ರೂಪಾಂತರಿ' ಅಂತ ಚೆಂದದ ಪದ ಕೊಟ್ಟವು.

ನಮ್ಮ ಗಡಿಯಲ್ಲಿ ಈ ಒಂದು ಕೆಲಸಕ್ಕೆ ಎಷ್ಟು ಹೆಸರು ನೋಡಿ. ಹಳೇ ಬೀದರ್ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಅದನ್ನು ಹರಿದು ಹಂಚಿದಾಗ ಉದಗೀರ, ನಿಲಂಗಾ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್ ಆಂಧ್ರಕ್ಕೆ ಹೋಯಿತು (ಈಗ ತೆಲಂಗಾಣ), ನಾವು ಮೈಸೂರಿಗೆ ಬಂದೆವು. ಇವತ್ತು ನಿಲಂಗಾದ ರೈತ 'ಫೇರಫಾರ' ಆಯ್ತಾ ಅಂತ ಕೇಳ್ತಾನೆ. ಜಹೀರಾಬಾದಿನವನು 'ಪಟ್ಟಾ ಮಾರ್ಪಿಡಿ' ಅಂತಾನೆ, ನಮ್ಮ 'ಮಾರು' ಅಲ್ಲಿ ಹೋಗಿ ಕೂತಿದೆ. ಉತ್ತರ ಹಿಂದೂಸ್ತಾನದಲ್ಲಿ 'ದಾಖಿಲ್ ಖಾರಿಜ್', ಅಂದರೆ ಒಬ್ಬನನ್ನು ಒಳಗೆ ಸೇರಿಸೋದು, ಒಬ್ಬನನ್ನು ಹೊರಗೆ ಹಾಕೋದು. ನಮ್ಮಲ್ಲಿ ಖಾತೆದಾರ ಸತ್ತ ಮೇಲೆ ಮಾಡಿಸೋ ಬದಲಾವಣೆಗೆ 'ಪೌತಿ ಖಾತೆ'. ಅದು ಸಾವು ಅನ್ನೋ ಅರ್ಥದ ಅರಬ್ಬಿಯ 'ಫೌತ್'ನಿಂದ ಬಂದದ್ದು. ಪದ ಯಾವುದಾದರೇನು, ಪ್ರಶ್ನೆ ಒಂದೇ: ಯಾರನ್ನು ಒಳಗೆ ಸೇರಿಸ್ತೀರಿ, ಯಾರನ್ನು ಹೊರಗೆ ಇಡ್ತೀರಿ?

ಇಲ್ಲಿಂದ ನನ್ನ ನಿಜವಾದ ವಿಷಯ ಶುರು.

ಹೊಲದ ಕಾಗದ ಗೊತ್ತಿಲ್ಲದವರಿಗೆ ಒಂದು ಮಾತು. ಪಹಣಿ ಅಥವಾ ಆರ್.ಟಿ.ಸಿ. ಅನ್ನೋದು ಹೊಲದ ಈಗಿನ ಸ್ಥಿತಿ. 9ನೇ ಕಾಲಂನಲ್ಲಿ ಒಡೆಯರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು, 11ರಲ್ಲಿ ಸಾಲ ಮುಂತಾದ ಋಣ. ಮ್ಯುಟೇಶನ್ ರಿಜಿಸ್ಟರ್ ಅನ್ನೋದು ಅದರ ಇತಿಹಾಸ, ಯಾವಾಗ, ಯಾಕೆ, ಯಾರಿಂದ ಯಾರಿಗೆ ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಹಣಿ ಈಗಿನ ಫೈಲು, ಎಂ.ಆರ್. ಅದರ ವರ್ಷನ್ ಹಿಸ್ಟರಿ. ಗಿಟ್ ಹುಟ್ಟೋಕೆ ಎಷ್ಟೋ ವರ್ಷ ಮೊದಲೇ ನಮ್ಮ ಪಟವಾರಿಗಳು ಗಿಟ್ ಮಾಡಿದ್ದರು ಅನ್ನಬಹುದು :-) ಈ ಶತಮಾನದ ಶುರುವಿನಲ್ಲಿ ನಮ್ಮ ರಾಜ್ಯ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಸಣ್ಣ ಸಾಧನೆ ಅಲ್ಲ ಅದು. ಕೈಬರಹದ ಪಹಣಿಗೆ ದಿನಗಟ್ಟಲೆ ಅಲೆಯೋದು ತಪ್ಪಿತು.

ಆದರೆ ಕಂಪ್ಯೂಟರಿಗೆ ಹೋದದ್ದು ವಹಿಯಲ್ಲಿ ಏನಿತ್ತೋ ಅದು. ವಹಿಯಲ್ಲಿ ಯಾರ ಹೆಸರು ಇರಲಿಲ್ಲವೋ ಅವರ ಹೆಸರು ಕಂಪ್ಯೂಟರಿನಲ್ಲೂ ಬರಲಿಲ್ಲ. ಹೆಣ್ಣುಮಕ್ಕಳ ಹೆಸರು. 2015-16ರ ಕೃಷಿ ಗಣತಿ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ನಾಟಿ, ಕಳೆ, ಕೊಯ್ಲು, ರಾಶಿ ಎಲ್ಲದರಲ್ಲೂ ಅವರ ಕೈ ಇರುತ್ತೆ. ನಮ್ಮ ಕಡೆ ಮುಂಗಾರಿಗೆ ತೊಗರಿ, ಉದ್ದು, ಸೋಯಾ ಜೊತೆ ಹೆಸರೂ ಬಿತ್ತುತ್ತಾರೆ. ಪಹಣಿಯ ಬೆಳೆ ಕಾಲಂನಲ್ಲಿ ಹೆಸರು ಇರುತ್ತೆ, ಒಡೆಯರ ಕಾಲಂನಲ್ಲಿ ಅವಳ ಹೆಸರು ಇರಲ್ಲ!

ಕಾನೂನು ಇಲ್ಲ ಅಂತ ಹೇಳೋ ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತ್ತು. ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟಿನಿಂದ ಬರೋ ಹಕ್ಕು ಗಂಡುಮಕ್ಕಳಿಗೇ ಇತ್ತು. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಕೊಟ್ಟಿತು, ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಷರತ್ತನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಾ ಬೇಡವಾ ಅನ್ನೋ ಜಗ್ಗಾಟ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಬದುಕಿರಬೇಕಾಗಿಲ್ಲ, ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬಂದದ್ದು ಅಂತ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಆಗಿಹೋದ ಪಾಲುಗಳನ್ನು ಮಾತ್ರ ಕೆದಕೋ ಹಾಗಿಲ್ಲ.

ಈ 'ಹುಟ್ಟಿನಿಂದ ಬರೋ ಹಕ್ಕು' ಅನ್ನೋ ವಿಚಾರ ಎಲ್ಲಿಂದ ಬಂತು ಗೊತ್ತೇ? ನಮ್ಮ ಬಸವಕಲ್ಯಾಣದಿಂದ! ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅಲ್ಲಿ ಆಳಿದ. ಶಕ ವರ್ಷವನ್ನು ಬದಿಗಿಟ್ಟು ತನ್ನ ಹೆಸರಿನದೇ ಹೊಸ ಶಕೆ ಶುರು ಮಾಡಿದ ಪುಣ್ಯಾತ್ಮ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಗ್ರಂಥದ ಕೊನೆಯಲ್ಲಿ ಕಲ್ಯಾಣ ನಗರವನ್ನೂ ವಿಕ್ರಮಾದಿತ್ಯನನ್ನೂ ಹೊಗಳಿದ ಶ್ಲೋಕಗಳಿವೆ. ಬಂಗಾಳ, ಅಸ್ಸಾಂ ಕಡೆಗೆ ನಡೆಯೋ 'ದಾಯಭಾಗ'ವನ್ನು ಬಿಟ್ಟರೆ ದೇಶದ ಬಹುಪಾಲು ಹಿಂದೂ ಮನೆಗಳ ಆಸ್ತಿ ಹಂಚಿಕೆ ಈ ಪುಸ್ತಕದ ಮೇಲೆ ನಿಂತಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯ ವಿಭಾಗವನ್ನು ಇಂಗ್ಲಿಷಿಗೆ ತಂದು ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಅಲ್ಲಿಂದ ಮುಂದೆ ಇಂಗ್ಲಿಷ್ ಜಡ್ಜುಗಳ ಟೇಬಲ್ಲಿನ ಮೇಲೆ ಅದು ಕಲ್ಲಿನ ಬರಹ ಆಯಿತು. ಇಮ್ಯುಟೇಬಲ್ ಆಯಿತು.

ಆದರೆ ವಿಜ್ಞಾನೇಶ್ವರ ಬರೆದಾಗ ಅದು ಹಾಗಿರಲಿಲ್ಲ. ಎರಡು ಉದಾಹರಣೆ ಕೊಡ್ತೀನಿ, ಎರಡೂ ನನಗೆ ತುಂಬಾ ಇಷ್ಟ.

ಒಂದು, ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡಬೇಕು ಅನ್ನೋ ಹಳೇ ಶಾಸ್ತ್ರದ ಮಾತು. ಅದು ಶಾಸ್ತ್ರದಲ್ಲಿ ಇದೆ ಅಂತ ವಿಜ್ಞಾನೇಶ್ವರ ಒಪ್ಪುತ್ತಾನೆ. ಆದರೂ ಲೋಕ ಅದನ್ನು ದ್ವೇಷಿಸುತ್ತೆ, ಲೋಕಕ್ಕೆ ಬೇಡವಾದದ್ದನ್ನು ಆಚರಿಸಬಾರದು, ಹಾಗಾಗಿ ಸಮ ಪಾಲೇ ಸರಿ ಅಂತ ತೀರ್ಮಾನ ಕೊಡ್ತಾನೆ. ಒಂಬೈನೂರು ವರ್ಷದ ಹಿಂದೆ!

ಎರಡು, ಸ್ತ್ರೀಧನ. ಹೆಣ್ಣಿನ ಸ್ವಂತ ಆಸ್ತಿ ಯಾವುದು ಅಂತ ಸ್ಮೃತಿ ಒಂದು ಪಟ್ಟಿ ಕೊಟ್ಟು ಕೊನೆಗೆ 'ಮುಂತಾದವು' ಅನ್ನೋ ಅರ್ಥದ ಮಾತು ಸೇರಿಸಿದೆ. ವಿಜ್ಞಾನೇಶ್ವರ ಆ 'ಮುಂತಾದವು' ಅನ್ನೋ ಸಣ್ಣ ಕಿಂಡಿಯಲ್ಲಿ ಇಡೀ ಬಾಗಿಲನ್ನೇ ತೆರೆದ. ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅದರಲ್ಲಿ ಸೇರುತ್ತೆ ಅಂದ. ಆ ಬಾಗಿಲನ್ನು ಮತ್ತೆ ಮುಚ್ಚಿದ್ದು ಶಾಸ್ತ್ರಿಗಳಲ್ಲ, ಲಂಡನ್ನಿನ ಪ್ರಿವಿ ಕೌನ್ಸಿಲ್. ವಾರಸಿನಿಂದ ಬಂದದ್ದು ಹೆಣ್ಣಿನ ಪೂರ್ಣ ಸ್ವತ್ತಲ್ಲ ಅಂತ ಅವರು ತೀರ್ಪು ಕೊಟ್ಟರು.

ವಿಜ್ಞಾನೇಶ್ವರ ಸ್ತ್ರೀವಾದಿ ಆಗಿದ್ದ ಅಂತ ನಾನು ಹೇಳ್ತಿಲ್ಲ. ಮಗಳಿಗೆ ಮಗನಷ್ಟೇ ಹುಟ್ಟುಹಕ್ಕನ್ನು ಅವನೂ ಕೊಡಲಿಲ್ಲ. ನಾನು ಹೇಳ್ತಿರೋದು ಇಷ್ಟೇ. "ನಮ್ಮ ಸಂಪ್ರದಾಯದಾಗ ಹಿಂಗಿಲ್ಲ" ಅಂತ ಯಾರಾದರೂ ಅಂದರೆ, ಆ ಸಂಪ್ರದಾಯವನ್ನು ಬರೆದವನೇ ಲೋಕ ಬದಲಾದರೆ ನಡೆಯೂ ಬದಲಾಗಬೇಕು ಅಂದಿದ್ದ ಅನ್ನೋದನ್ನು ನೆನಪಿಸಿ.

ಅದೇ ಊರಿನಲ್ಲಿ ಒಂದೆರಡು ತಲೆಮಾರಿನ ನಂತರ ಬಸವಣ್ಣ ಬಂದ. ವಿಜ್ಞಾನೇಶ್ವರ ಹೊಲ ಮನೆಗೆ ಬಳಸಿದ 'ಸ್ಥಾವರ' ಅನ್ನೋ ಪದವನ್ನೇ ಬಸವಣ್ಣ ಎತ್ತಿಕೊಂಡು ಬೇರೆ ಅರ್ಥ ತುಂಬಿದ. ನಿಂತದ್ದು ಸ್ಥಾವರ, ನಡೆಯೋದು ಜಂಗಮ, ಬಾಳೋದು ಎರಡನೆಯದು ಅಂದ. ಸ್ಥಾವರದ 'ಸ್ಥಾ' ಧಾತು, ಇಂಗ್ಲಿಷಿನ ಸ್ಟ್ಯಾಟಿಕ್, ಸ್ಟೇಬಲ್, ಎಸ್ಟೇಟ್ ಎಲ್ಲ ಒಂದೇ ಬೇರಿನವು. ಎ. ಕೆ. ರಾಮಾನುಜನ್ 1973ರ ತಮ್ಮ ಅನುವಾದದ ಮುನ್ನುಡಿಯಲ್ಲಿ ಈ ಸ್ಥಾವರ-ಜಂಗಮದ ಬಗ್ಗೆ ಚೆನ್ನಾಗಿ ಬರೆದಿದ್ದಾರೆ, ಸಿಕ್ಕರೆ ಓದಿ. ನನ್ನನ್ನು ಕೇಳಿದರೆ ಮ್ಯುಟೇಬಲ್ ಅನ್ನೋದಕ್ಕೆ ಜಂಗಮ, ಇಮ್ಯುಟೇಬಲ್ ಅನ್ನೋದಕ್ಕೆ ಸ್ಥಾವರ ಅನ್ನೋದು ಕೋಡಿನಲ್ಲಿ ಅಷ್ಟು ಕೂಡಲ್ಲ. ಜಂಗಮ ಜಾಗ ಬದಲಿಸುತ್ತೆ, ಮ್ಯುಟೇಬಲ್ ಒಳಗು ಬದಲಿಸುತ್ತೆ. ಅಲ್ಲಿ 'ಮಾರ್ಪಡುವ' ಅನ್ನೋದೇ ಸಾಕು. ಆದರೆ ಆಸ್ತಿಯ ವಿಷಯಕ್ಕೆ ಬಂದರೆ ಕಲ್ಯಾಣದ ಎರಡೂ ಪದ ಬೇಕು. ಹೊಲ ಸ್ಥಾವರ, ಹಕ್ಕು ಜಂಗಮ.

ಈಗ ನಮ್ಮ ಮನೆ ಮಾತು. ಹುಮನಾಬಾದ್-ಬಸವಕಲ್ಯಾಣದ ನಡುವಿನ ಒಂದು ಹಳ್ಳಿಯಲ್ಲಿ ನಮ್ಮದು ನಾಲ್ಕು ಎಕರೆ ಚಿಲ್ಲರೆ ಹೊಲ. ಮುತ್ಯಾ ಹೋದ ಮೇಲೂ ಪಹಣಿ ಅವರ ಹೆಸರಲ್ಲೇ ಇತ್ತು. ಪೌತಿ ಮಾಡಿಸಬೇಕು ಅಂತ ಮೊನ್ನೆ ದೀಪಾವಳಿಗೆ ಮಾತು ಬಂತು. ಅದಕ್ಕೆ ವಂಶವೃಕ್ಷ ಬೇಕು. ಮುತ್ಯಾನಿಗೆ ಮೂವರು ಮಕ್ಕಳು, ಅಪ್ಪ ಮತ್ತು ಇಬ್ಬರು ಅತ್ತಿಯರು. ಅಪ್ಪನ ಲೆಕ್ಕ ಸರಳ: "ಅಕ್ಕಾವ್ರು ಸಹಿ ಮಾಡ್ತಾರ, ಹಕ್ಕು ಬಿಟ್ಟೀವಿ ಅಂತ. ಎಲ್ಲಾರ ಮನ್ಯಾಗೂ ಹಿಂಗೇ ಮಾಡ್ತಾರ." ಅಪ್ಪ ಆಸೆಬುರುಕ ಅಲ್ಲ. ಅತ್ತಿಯರ ಮಕ್ಕಳ ಮದುವೆಗೆ ತಾನೇ ಸಾಲ ಮಾಡಿದವರು. ಅವರಿಗೆ ಇದು ಅನ್ಯಾಯ ಅಂತ ಹೊಳೆದೇ ಇಲ್ಲ, ಅಷ್ಟೆ.

ನಾನು ಮೂರೂ ಹೆಸರು ಬರಲಿ ಅಂದೆ. ಸಣ್ಣ ಅತ್ತಿ ತಕ್ಷಣ, "ನನಗ ಹೊಲ ಬ್ಯಾಡ ತಮ್ಮಾ, ತವರಮನಿ ಬಾಗ್ಲಾ ತೆರ್ದಿರ್ಲಿ, ಸಾಕು" ಅಂದರು. ದೊಡ್ಡ ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿದಿದೆ. "ನನ್ನ ಯಾವ ಹೆಸರು ಹಚ್ತೀರಿ? ಅಪ್ಪ ಇಟ್ಟಿದ್ದೋ, ಗಂಡನ ಮನ್ಯಾಗ ಇಟ್ಟಿದ್ದೋ?"

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆ ದಿನ ಹುಡುಗಿಯ ಹೆಸರನ್ನೇ ಬದಲಾಯಿಸುತ್ತಾರೆ. ಅಡ್ಡಹೆಸರು ಮಾತ್ರ ಅಲ್ಲ, ಕರೆಯೋ ಹೆಸರೇ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಈಗ ವಂಶವೃಕ್ಷದಲ್ಲಿರೋ ಮಗಳೂ ಆಧಾರಿನಲ್ಲಿರೋ ಹೆಂಗಸೂ ಒಬ್ಬಳೇ ಅಂತ ಅವಳೇ ಅಫಿಡವಿಟ್ ಮಾಡಿಸಿ ತೋರಿಸಬೇಕು. ಡೇಟಾಬೇಸ್ ಪಾಠದ ಮೊದಲ ವಾರದಲ್ಲೇ ಹೇಳಿಕೊಡ್ತಾರೆ, ಬದಲಾಗೋ ಹೆಸರನ್ನು ಪ್ರೈಮರಿ ಕೀ ಮಾಡಬೇಡಿ ಅಂತ. ನಾವು ಹೆಣ್ಣುಮಕ್ಕಳ ವಿಷಯದಲ್ಲಿ ಮಾಡಿರೋದು ಅದನ್ನೇ. ಹೆಸರು, ಊರು, ಮನೆದೇವರು ಎಲ್ಲ ಮ್ಯುಟೇಬಲ್ ಮಾಡಿದೆವು. ಅವಳ ಹೆಸರು ಒಳಗೆ ಬರಬೇಕಾದ ಒಂದು ಕಾಲಂ ಇತ್ತಲ್ಲ, ಅದನ್ನು ಮಾತ್ರ ಇಮ್ಯುಟೇಬಲ್ ಮಾಡಿ ಇಟ್ಟೆವು. ಮ್ಯುಟೇಶನ್ನಿಗೂ ಮ್ಯೂಟಿಗೂ ನಿಘಂಟಿನಲ್ಲಿ ಸಂಬಂಧ ಇಲ್ಲ ಅಂದೆನಲ್ಲ, ಪಹಣಿಯಲ್ಲಿ ಇದೆ.

ಇದಕ್ಕೆ ಬರೋ ವಾದಗಳು ನನಗೆ ಗೊತ್ತು, ಒಂದೊಂದಾಗಿ ನೋಡೋಣ.

"ಹೊಲ ತುಂಡಾಗುತ್ತೆ." ಆಗುತ್ತೆ, ನಿಜ. ನಾಲ್ಕು ಜನ ಅಣ್ಣತಮ್ಮಂದಿರು ಇದ್ದಾಗಲೂ ತುಂಡಾಗುತ್ತೆ. ಆಗ ಯಾರೂ ಕೊನೇ ತಮ್ಮನಿಂದ ಹಕ್ಕು ಬಿಡಿಸಿಕೊಳ್ಳಲ್ಲ. ಜಂಟಿ ಖಾತೆ ಇಟ್ಟುಕೊಂಡು ಒಬ್ಬರೇ ಉಳಬಹುದು, ಬಂದ ಫಸಲಿನಲ್ಲಿ ಲೆಕ್ಕ ಮಾಡಬಹುದು.

"ಮದುವೆಗೆ ಬಂಗಾರ, ರೊಕ್ಕ ಕೊಟ್ಟೀವಿ." ವರದಕ್ಷಿಣೆ 1961ರಿಂದ ಅಪರಾಧ. ಅದು ಪಕ್ಕಕ್ಕಿರಲಿ, ಆ ರೊಕ್ಕ ಹೋದದ್ದು ಅವಳ ಕೈಗಲ್ಲ, ಅವಳ ಅತ್ತೆಮನೆಗೆ. ಒಬ್ಬರಿಗೆ ಕೊಡಬೇಕಾದದ್ದನ್ನು ಇನ್ನೊಬ್ಬರಿಗೆ ಕೊಟ್ಟು ಬಾಕಿ ತೀರಿತು ಅಂದರೆ ಯಾವ ಅಂಗಡಿಯವನೂ ಒಪ್ಪಲ್ಲ.

"ಹೆಸರು ಹೆಚ್ಚಾದ್ರ ಸಾಲಕ್ಕ ತೊಂದ್ರಿ." ಇದು ಮಾತ್ರ ಖರೆ. ಜಂಟಿ ಖಾತೆ ಇದ್ದರೆ ಬ್ಯಾಂಕಿನವರು ಎಲ್ಲರ ಸಹಿ ಕೇಳ್ತಾರೆ. ಅತ್ತಿ ಸೋಲಾಪುರದಲ್ಲೋ ಪುಣೆಯಲ್ಲೋ ಇದ್ದರೆ ಬಿತ್ತನೆ ಹೊತ್ತಿಗೆ ಕರೆಸೋದು ಕಷ್ಟ. ಆದರೆ ಇದು ಬ್ಯಾಂಕಿನ ಪದ್ಧತಿ ಸರಿಪಡಿಸಿ ಪರಿಹರಿಸಬೇಕಾದ ತೊಂದರೆ. ಒಂದು ಬಗ್ ಇದೆ ಅಂತ ಬಳಕೆದಾರರನ್ನೇ ಡಿಲೀಟ್ ಮಾಡ್ತೀವಾ?

"ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರಲ್ಲ." ಇದು ಓದಿದವರ ವಾದ. ಮ್ಯುಟೇಶನ್ ಕಂದಾಯದ ಲೆಕ್ಕಕ್ಕೆ ಮಾತ್ರ, ಅದರಿಂದ ಹಕ್ಕು ಹುಟ್ಟಲ್ಲ ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದ್ದು ನಿಜ. ಅಂದರೆ ಹೆಸರು ಇಲ್ಲದಿದ್ದರೂ ಹಕ್ಕು ಹೋಗಲ್ಲ ಅಂತಲೂ ಆಯಿತಲ್ಲ! ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಇನ್ನೊಂದು ಮಾತು ಹೇಳುತ್ತೆ. ತಪ್ಪು ಅಂತ ಸಾಬೀತಾಗೋವರೆಗೆ ಹಕ್ಕುದಾಖಲೆಯಲ್ಲಿ ಇದ್ದದ್ದು ನಿಜ ಅಂತಲೇ ಹಿಡಿಯಬೇಕು. ಸಾಬೀತು ಮಾಡಬೇಕಾದವರು ಯಾರು? ಹೆಸರು ಇಲ್ಲದವರು. ಬೆಳೆಸಾಲ, ಬೆಳೆವಿಮೆ, ರಸ್ತೆಗೆ ಹೊಲ ಹೋದರೆ ಬರೋ ಪರಿಹಾರ, ಎಲ್ಲದಕ್ಕೂ ಮೊದಲು ನೋಡೋದು ಪಹಣಿಯನ್ನೇ. ಹೆಸರು ಇದ್ದವರು ಕೌಂಟರಿಗೆ ಹೋಗ್ತಾರೆ, ಇಲ್ಲದವರು ಕೋರ್ಟಿಗೆ ಹೋಗಬೇಕು.

ಕೊನೆಯದು, "ಅವರೇ ಬ್ಯಾಡಂತಾರ." ಇದೇ ಎಲ್ಲಕ್ಕಿಂತ ಗಟ್ಟಿ ವಾದ, ಯಾಕಂದರೆ ನಮ್ಮ ಸಣ್ಣ ಅತ್ತಿ ನನ್ನೆದುರಿಗೇ ಹಾಗೆ ಅಂದರು. ಆದರೆ ಅವರು ಹೇಳಿದ್ದನ್ನು ಇನ್ನೊಮ್ಮೆ ಕೇಳಿ. ಹೊಲ ಬೇಡ, ಬಾಗಿಲು ತೆರೆದಿರಲಿ. ಅಂದರೆ ಹೊಲ ಕೇಳಿದರೆ ಬಾಗಿಲು ಮುಚ್ಚುತ್ತೆ ಅನ್ನೋ ಭಯ ಅದರಲ್ಲಿದೆ. ಗಂಡುಮಕ್ಕಳು ಯಾರೂ ಪಾಲು ತಗೊಂಡರೆ ತಂಗಿ ರಾಖಿ ಕಟ್ಟೋದು ನಿಲ್ಲಿಸ್ತಾಳೇನೋ ಅಂತ ಹೆದರಿಕೊಂಡದ್ದು ನಾನು ನೋಡಿಲ್ಲ. ಭಯದಿಂದ ಬಿಟ್ಟದ್ದು ವಿನಿಮಯವೂ ಅಲ್ಲ, ದಾನವೂ ಅಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೊದಲು ಎಲ್ಲರ ಹೆಸರೂ ಬರಲಿ. ಅದೇ ಡೀಫಾಲ್ಟ್ ಆಗಲಿ. ಪಹಣಿಯಲ್ಲಿ ತನ್ನ ಹೆಸರನ್ನು ಕಣ್ಣಾರೆ ನೋಡಿದ ಮೇಲೆ, ಇಷ್ಟು ಎಕರೆ, ಇಷ್ಟು ಬೆಲೆ ಅಂತ ತಿಳಿದ ಮೇಲೆ, ಒಬ್ಬಳು ತನ್ನ ತಮ್ಮನಿಗೆ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಆಗ ತಮ್ಮನಿಗೂ ತಾನು ಏನು ಪಡೆದೆ ಅನ್ನೋದು ಗೊತ್ತಿರುತ್ತೆ. ಹೆಸರು ಬರೋಕೆ ಮೊದಲೇ ಸಹಿ ಹಾಕಿಸಿಕೊಳ್ಳೋದು ಬೇರೆ, ಬಂದ ಮೇಲೆ ಕೊಡೋದು ಬೇರೆ. ಮೊದಲನೆಯದರಲ್ಲಿ ವಹಿಯ ಪ್ರಕಾರ ಅವಳು ಏನನ್ನೂ ಕೊಡಲೇ ಇಲ್ಲ, ಅವಳು ಇರಲೇ ಇಲ್ಲ.

ನಮ್ಮ ಕಡೆ ಹೆಸರು ಬದಲಾಗೋದು ಹೊಸದೇನಲ್ಲ. ಕಲ್ಯಾಣಿ ಬಸವಕಲ್ಯಾಣ ಆಯಿತು. ಗುಲ್ಬರ್ಗ 2014ರಲ್ಲಿ ಕಲಬುರಗಿ ಆಯಿತು. ಹುಮನಾಬಾದಿನ ಮೇಲೆ ಹೋಗೋ 9ನೇ ನಂಬರಿನ ಹೆದ್ದಾರಿ 65 ಆಯಿತು. 2019ರ ಸೆಪ್ಟೆಂಬರಿನಲ್ಲಿ ಇಡೀ ಹೈದರಾಬಾದ್ ಕರ್ನಾಟಕವೇ ಕಲ್ಯಾಣ ಕರ್ನಾಟಕ ಆಯಿತು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಬರೆದ ಚಳವಳಿಯ ನೆನಪಿಗೆ ಕಟ್ಟಡ ಬೇಕು ಅನ್ನೋರ ಜೊತೆ ನನ್ನ ಜಗಳ ಇಲ್ಲ. ಆದರೆ ಆರು ಜಿಲ್ಲೆಗೆ ಒಂದೇ ದಿನದಲ್ಲಿ ಹೆಸರು ಬದಲಾಯಿಸಬಲ್ಲ ನಾವು, ಒಂದು ಸರ್ವೆ ನಂಬರಿಗೆ ಒಬ್ಬ ಮಗಳ ಹೆಸರು ಸೇರಿಸೋಕೆ ಇಷ್ಟು ತಿಣುಕಬೇಕಾ?

ನಮ್ಮ ಮನೆಯ ಅರ್ಜಿ ಮೂರೂ ಹೆಸರಿನ ವಂಶವೃಕ್ಷದ ಜೊತೆ ಹೋಗಿದೆ. ಅಪ್ಪ ಒಪ್ಪಿದ್ದು ನನ್ನ ಲ್ಯಾಟಿನ್ ಕೇಳಿ ಅಲ್ಲ, ದೊಡ್ಡ ಅತ್ತಿಯ ಆ ಪ್ರಶ್ನೆ ಕೇಳಿ. ಅತ್ತಿಯ ಎರಡು ಹೆಸರಿನ ಅಫಿಡವಿಟ್ಟೂ ಆಗಿದೆ. ಎಂ.ಆರ್. ನಂಬರ್ ಇನ್ನೂ ಬಂದಿಲ್ಲ.

ಗೆಳೆಯರೆ, ನಿಮ್ಮದೂ ಊರ ಕಡೆ ಹೊಲ ಇದ್ದರೆ ಒಂದು ಕೆಲಸ ಮಾಡಿ. ಪಹಣಿ ಈಗ ಮೊಬೈಲಿನಲ್ಲೇ ನೋಡಬಹುದು, ಸರ್ವೆ ನಂಬರ್ ಗೊತ್ತಿದ್ದರೆ ಐದು ನಿಮಿಷದ ಕೆಲಸ. 9ನೇ ಕಾಲಂ ಓದಿ. ಆಮೇಲೆ ನಿಮ್ಮ ಅತ್ತೆ, ಅಕ್ಕ, ತಂಗಿಯರ ಹೆಸರು ಅಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಮನೆಯಲ್ಲಿ ಒಮ್ಮೆ ಕೇಳಿ. ಏನಂತೀರಿ?